ಮೇಟಿ ಕಿತ್ತ ಬಯಲು

ಕೋಲಾರದ ಹಾಕಿ ಟೀಮು ಮಾಲೂರಿಗೆ ಹೋಯ್ತಲ್ಲ, ಅದಕ್ಕೆ ಯಾರು ಕಾರಣ ಅಂತ ಇವತ್ತಿಗೂ ಹುಣಸೆ ಮರದ ಕೆಳಗೆ ಕೂತು ಬಾಯಿ ನೋಯಿಸ್ಕೊಳ್ಳೋರಿದ್ದಾರೆ. ಒಬ್ಬ ಸಾಹುಕಾರ್ರ ಹೆಸರು ಹೇಳ್ತಾನೆ, ಇನ್ನೊಬ್ಬ ಯುದ್ಧದ ಹೆಸರು ಹೇಳ್ತಾನೆ. ಯಾರೂ ನನ್ನ ಕೇಳಲ್ಲ. ಕೇಳಿದ್ರೆ ಹೇಳ್ತಿದ್ದೆ. ಆ ಬಯಲು ಮಾಡಿದೋನು ನಾನು.

ನನ್ನ ಹೆಸರು ಗಂಗುಲಪ್ಪ. ನಮ್ಮಪ್ಪನ ಕಾಲದಿಂದ್ಲೂ ಕಣ ಮಾಡೋದು ನಮ್ಮ ಮನೆ ಕೆಲಸ. ಸುಗ್ಗಿ ಬಂತು ಅಂದ್ರೆ ಸುತ್ತಲ ರೈತರು ನಮ್ಮನ್ನೇ ಕರೀತಿದ್ರು. ನೆಲ ಕೆತ್ತಿ, ನೀರು ಹೊಡೆದು, ದಿಮ್ಮಸಿನಲ್ಲಿ ಬಡಿದು, ಸಗಣಿ ಸಾರಿಸಿ, ನಡುವೆ ಮೇಟಿ ಕಂಬ ನೆಟ್ಟು ಕೊಟ್ರೆ ಒಂದು ರಾಗಿ ಕಾಳು ಮಣ್ಣಿಗೆ ಸೇರ್ತಿರ್ಲಿಲ್ಲ. ಎತ್ತು ಆ ಮೇಟಿ ಸುತ್ತಾನೇ ತಿರುಗಿ ತುಳಿಯೋದು. ಒಕ್ಕಣೆ ಮುಗಿದ ಮೇಲೆ ಮೇಟಿ ಕೀಳ್ತಾರೆ. ಮೇಟಿ ಕಿತ್ರು ಅಂದ್ರೆ ಆ ಕಣದ ಕೆಲಸ ಮುಗೀತು, ಆಮೇಲೆ ಅಲ್ಲಿಗೆ ಯಾರೂ ಒಂದು ತೆನೇನೂ ತರಲ್ಲ. ನಮ್ಮ ಕಡೆ ಕೂಸಿಗೂ ಇದು ಗೊತ್ತು.

ಮೂವತ್ತೆರಡನೇ ಇಸವೀಲಿ ಬಸ್ಸಿನ ಸಾಹುಕಾರ್ರು ರಾಮಚಂದ್ರಪ್ಪನೋರು ನನ್ನ ಕರೆಸಿದ್ರು. ಅವರಿಗೆ ನಾಕು ಬಸ್ಸಿದ್ವು, ಹಾಕಿ ಹುಚ್ಚು ಐದನೇ ಬಸ್ಸಿನಷ್ಟಿತ್ತು. ಹನ್ನೊಂದು ಜನ ಆಟಗಾರರನ್ನ ಹುಡುಕಿ ತಂದು, ಒಬ್ಬನ್ನ ಡ್ರೈವರ್ ಮಾಡಿ, ಒಬ್ಬನ್ನ ಕಂಡಕ್ಟರ್ ಮಾಡಿ, ಸಂಬಳ ಕೊಟ್ಟು ಆಡಿಸ್ತಿದ್ರು. ಬೆಳಗ್ಗೆ ಬಸ್ಸು, ಸಾಯಂಕಾಲ ಚೆಂಡು. ಬೆಟ್ಟದ ಹೆಸರೇ ಇಟ್ಟು ಅಂತರಗಂಗೆ ಟೀಮು ಅಂದ್ರು. ಅದಕ್ಕೊಂದು ಬಯಲು ಬೇಕಿತ್ತು. ನಾನು ಕಣ ಮಾಡೋ ಹಂಗೇ ಮಾಡ್ದೆ. ಗೆದ್ದಲು ಬಿಟ್ಟು ಹೋದ ಹಳೇ ಹುತ್ತದ ಮಣ್ಣು ತಂದು, ಮೂರು ಸಲ ಜರಡಿ ಹಿಡಿದು, ಒಂದು ತಿಂಗಳು ಬಿಸಿಲಿಗೆ ಹಾಕಿ, ಆಮೇಲೆ ಬಡಿದೆ. ಎರಡೂ ಕಡೆ ಗೋಲಿನ ಕಂಬ ನೆಟ್ಟು ಸುಣ್ಣ ಬಳಿದೆ. ಗೋಲ್ಡ್ ಫೀಲ್ಡಿನ ಗಣಿ ಟೀಮಿನೋರು ಬಂದು, ಇಂಥ ಬಯಲು ನಮ್ಮಲ್ಲೂ ಇಲ್ಲ ಅಂದಾಗ ನಾನು ಮೂರು ದಿನ ನೆಲದ ಮೇಲೆ ನಡೀಲಿಲ್ಲ.

ಹನ್ನೊಂದು ವರ್ಷ ಆ ಬಯಲು ಕಾದೆ. ಚಪ್ಪಲಿ ಹಾಕ್ಕೊಂಡು ಕಾಲಿಟ್ಟೋನು ಯಾವನಾದ್ರೂ ಸರಿ, ನನ್ನ ಬಾಯಿಗೆ ಸಿಕ್ಕಿ ಬದುಕಿಲ್ಲ. ಮದುವೆ ಇಲ್ಲ, ಮಕ್ಕಳಿಲ್ಲ, ಇದ್ದಿದ್ದೇ ಅದೊಂದು. ಟೀಮು ಹೋದ್ರೆ ಬಯಲಲ್ಲಿ ದನ ಮೇಯುತ್ತೆ, ನನ್ನ ಯಾರೂ ಏನಪ್ಪಾ ಅಂತಾನೂ ಕೇಳಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ತಪ್ಪು ಮಾಡಿದ್ದೆ. ನಲವತ್ತೆರಡರ ಮಳೇಲಿ ಎರಡೂ ಗೋಲಿನ ಮುಂದೆ ಮಣ್ಣು ಕಿತ್ತು ಹೋಗಿತ್ತು. ಮ್ಯಾಚಿಗೆ ನಾಕೇ ದಿನ. ಹಳೇ ಹುತ್ತ ಹುಡುಕಿ, ಜರಡಿ ಹಿಡಿದು, ಒಣಗಿಸೋಕೆ ಎಲ್ಲಿ ಟೈಮು? ಸುಗಟೂರು ದಾರೀಲಿ ಒಂದು ಹುತ್ತ ಇದೆ, ಜೀವ ಇರೋ ಹುತ್ತ. ಹೆಂಗಸರು ಹಾಲೆರೀತಾರೆ. ಹಿಂದುಗಡೆಯಿಂದ ಆರು ಬುಟ್ಟಿ ಮಣ್ಣು ಕಡಿದು ತಂದು ಗೋಲಿನ ಹತ್ರ ಹಾಕಿ ಬಡಿದುಬಿಟ್ಟೆ. ಊರಿಗೆ ತಿಳಿದಿದ್ರೆ ನನ್ನ ಮನೆ ನೀರು ಯಾರೂ ಮುಟ್ತಿರ್ಲಿಲ್ಲ. ಯಾರೂ ನೋಡಿಲ್ಲ ಅಂದ್ಕೊಂಡು ಆ ವಿಷಯ ಮರೆತೆ.

ನಲವತ್ಮೂರಕ್ಕೆ ಎಲ್ಲಾ ಕೆಟ್ಟು ಕೂತಿತ್ತು. ಯುದ್ಧಕ್ಕೆ ಪೆಟ್ರೋಲು ಹೋಗಿ, ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಕೊಂಡು ಓಡಿಸ್ತಿದ್ರು. ನಾಕು ಬಸ್ಸು ಎರಡಾಯ್ತು. ಟೀಮು ಸಾಲಾಗಿ ಏಳು ಮ್ಯಾಚು ಸೋತಿತ್ತು. ಅದೇ ಹೊತ್ತಿಗೆ ಮಾಲೂರಿನಲ್ಲಿ ಒಬ್ಬ ಹೆಂಚಿನ ಕಾರ್ಖಾನೆ ಯಜಮಾನ ಮಿಲಿಟರಿ ಕ್ಯಾಂಪುಗಳಿಗೆ ಹೆಂಚು ಹಾಕಿ ಚೆನ್ನಾಗಿ ದುಡಿದಿದ್ದ. ಅವನಿಗೂ ಒಂದು ಟೀಮು ಬೇಕಂತೆ, ಹನ್ನೊಂದು ಜನಕ್ಕೂ ಕಾರ್ಖಾನೇಲಿ ಕೆಲಸ ಕೊಡ್ತಾನಂತೆ ಅಂತ ಸುದ್ದಿ ಹುಟ್ಟಿತು.

ಸುದ್ದಿ ಹುಟ್ಟಿದ್ದೇ ಸರಿ, ಹುಣಸೆ ಮರದ ಕೆಳಗೆ ದಿನಾ ಪಂಚಾಯ್ತಿ. ಸುಗಟೂರಿನ ಸೊಣ್ಣಪ್ಪ, ಬೆಳಗ್ಗೆ ಮಾರ್ಕೆಟ್ಟಿಗೆ ಸೊಪ್ಪು ತರೋನು, ಮಾರಿ ಮುಗಿಸಿ ನೇರ ಅಲ್ಲಿಗೇ ಬರ್ತಿದ್ದ. ಟೀಮು ಹೋಗೋದು ಗ್ಯಾರಂಟಿ ಅಂತ ಅವನ ವಾದ. ಬೇಯಿಸಿದ ಕಡ್ಲೇಕಾಯಿ ಮಾರೋ ದೊಡ್ಡಮುನಿಯಮ್ಮಂದು ಇನ್ನೊಂದು ವಾದ. ಸಾಹುಕಾರ್ರು ಹೆಂಡ್ತಿ ಒಡವೆ ಮಾರಿದ್ರೂ ಟೀಮು ಮಾರಲ್ಲ ಅನ್ನೋಳು. ಮುಳಬಾಗಲಿಂದ ಬಂದೋರು, ಕಳಿಸೋದಾದ್ರೆ ನಮ್ಮೂರಿಗೇ ಕಳಿಸ್ಲಿ ಅಂತ ಮೆತ್ತಗೆ ಹೇಳೋರು. ಶ್ರೀನಿವಾಸಪುರದ ಮಾವಿನಕಾಯಿ ವ್ಯಾಪಾರಿ ಒಬ್ಬ ಬಯಲಿನ ಅಂಚಲ್ಲಿ ಹೆಜ್ಜೆ ಎಣಿಸ್ಕೊಂಡು ನಡೀತಿದ್ದ. ಏನಯ್ಯಾ ಅಳೀತಿದ್ದೀಯಾ ಅಂತ ಹಿಡ್ಕೊಂಡ್ರೆ, ಕಾಲು ಜೋಮು ಹಿಡಿದಿತ್ತು ಅಂದ. ಜೋಮು ಹಿಡಿದ ಕಾಲು ನಾನು ನೋಡಿಲ್ವಾ? ಅವತ್ತಿಂದ ನಾನು ಯಾರನ್ನೂ ನಂಬದೇ ಹೋದೆ.

ನಂಬದೇ ಹೋದ್ರೆ ಎಲ್ಲಾದ್ರಲ್ಲೂ ಅದೇ ಕಾಣುತ್ತೆ ನೋಡಿ. ಬಸ್ಸಿಗೆ ಹೊಸ ಬಣ್ಣ ಹೊಡೆದ್ರೆ, ಮಾಲೂರಿನ ಹೆಸರು ಬರೆಯೋಕೆ ಅಂತಿದ್ವಿ. ಒಬ್ಬ ಆಟಗಾರ ಮನೆ ಖಾಲಿ ಮಾಡ್ದ ಅಂದ್ರೆ, ಹೊರಟ ಅಂತಿದ್ವಿ. ಅವನು ಪಕ್ಕದ ಬೀದಿಗೆ ಹೋಗಿದ್ದ ಅಷ್ಟೇ. ಸಾಹುಕಾರ್ರನ್ನ ನೇರವಾಗಿ ಕೇಳೋಕೆ ಯಾರಿಗೂ ಧೈರ್ಯ ಇರ್ಲಿಲ್ಲ. ಕೇಳಿದ್ರೂ ಅವರ ಮಾತು ನಂಬ್ತಿರ್ಲಿಲ್ಲ ಬಿಡಿ.

ಟೀಮಿನ ಗೋಲ್‌ಕೀಪರ್ ಅಜ್ಮತುಲ್ಲಾ. ಶ್ರೀನಿವಾಸಪುರದ ಬಸ್ಸಿಗೆ ಅವನೇ ಡ್ರೈವರು, ಸುಗಟೂರು ಮೇಲೆ ದಿನಾ ಎರಡು ಸಲ ಹೋಗಿ ಬರ್ತಿದ್ದ. ನನಗಿಂತ ಹದಿನೈದು ವರ್ಷ ಚಿಕ್ಕೋನು. ನಾನು ದಿಮ್ಮಸು ಹಿಡಿದ್ರೆ ತಾನೂ ಒಂದು ಹಿಡ್ಕೊಂಡು ಪಕ್ಕದಲ್ಲಿ ನಿಲ್ಲೋನು. ರಂಜಾನಿಗೆ ಅವನ ಮನೆ ಶೀರ್ ಖುರ್ಮಾ ಪಾಯಸ ನನಗೆ ಬರದೇ ಇದ್ದ ವರ್ಷ ಇಲ್ಲ. ಗಂಗುಲಣ್ಣ ಗಂಗುಲಣ್ಣ ಅಂತ ಹಿಂದೆ ಮುಂದೆ ತಿರುಗೋನು. ಅಂಥೋನು ಬಯಲಿಗೆ ಬಂದ್ರೆ ನನ್ನ ಕಣ್ಣು ತಪ್ಪಿಸೋಕೆ ಶುರು ಮಾಡ್ದ. ಗೋಲಿನಲ್ಲಿ ನಿಂತು ಕಂಬಾನ ಬೆರಳಲ್ಲಿ ಬಡೀತಿದ್ದೋನು, ನಾನು ಹತ್ರ ಹೋದ್ರೆ ಕೈ ತೆಗೆದುಬಿಡ್ತಿದ್ದ.

ಸೊಣ್ಣಪ್ಪ ಒಂದು ದಿನ ಬಂದು ನನ್ನ ಕಿವಿಗೆ ಬಾಯಿಟ್ಟ. ಅಜ್ಮತ್ತು ಹದಿನೈದು ದಿನದಲ್ಲಿ ಮೂರು ಸಲ ಮಾಲೂರಿಗೆ ಹೋಗಿದ್ದಾನಂತೆ, ರಜಾ ಹಾಕಿ, ಅದೂ ಬೇರೆಯವರ ಗಾಡೀಲಿ. ಹೆಂಚಿನ ಕಾರ್ಖಾನೆ ಪಕ್ಕದಲ್ಲೇ ಯಾರನ್ನೋ ನೋಡೋಕೆ ಹೋಗಿದ್ದನ್ನ ಸೊಣ್ಣಪ್ಪನ ಭಾವಮೈದ ಕಣ್ಣಾರೆ ಕಂಡಿದ್ದಾನಂತೆ. ನನಗೆ ಊಟ ರುಚಿಸ್ಲಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ಬೈದು ಸುಮ್ಮನಾಗ್ತಿದ್ದೆ, ಇವನನ್ನ ಬೈಯೋಕೂ ಆಗ್ಲಿಲ್ಲ.

ಆ ವಾರದ ಸಂತೆ ದಿನ ಮಧ್ಯಾಹ್ನ, ಊರೆಲ್ಲ ಸಂತೇಲಿರೋ ಹೊತ್ತಲ್ಲಿ, ನಾನು ಬಯಲಿಗೆ ಹೋದೆ. ಗೋಲಿನ ಕಂಬ ಇರ್ಲಿಲ್ಲ. ಆ ಕಡೆ ಎರಡು, ಈ ಕಡೆ ಎರಡು, ನಾಕೂ ಕಿತ್ತಿದ್ರು. ಗುಳಿ ಬಾಯಿ ಬಿಟ್ಕೊಂಡಿತ್ತು. ಗಾಡಿ ಚಕ್ರದ ಗುರುತು ಹಿಡ್ಕೊಂಡು ರಸ್ತೆವರೆಗೂ ಹೋಗಿ ನೋಡಿದೆ, ಮಾಲೂರಿನ ದಿಕ್ಕಿಗೇ ತಿರುಗಿತ್ತು. ಛತ್ರದ ಹತ್ರ ಕೂತಿದ್ದೋರು ಹೇಳಿದ್ರು, ಗಾಡಿ ಹಿಂದೆ ಅಜ್ಮತುಲ್ಲಾ ಸೈಕಲ್ಲಲ್ಲಿ ಹೋದ, ಕಂಬದ ಮೇಲೆ ಗೋಣಿ ಮುಚ್ಚಿದ್ರು ಅಂತ.

ನಾನು ಸಂತೆಗೆ ಓಡಿದೆ. ಮೇಟಿ ಕಿತ್ರು ಅಂದೆ. ಅಷ್ಟೇ ಅಂದಿದ್ದು. ಸೊಪ್ಪಿನ ಮೂಟೆ ಬಿಟ್ಟು ಸೊಣ್ಣಪ್ಪ ಬಂದ, ಮುಳಬಾಗಲಿನೋರು ಬಂದ್ರು, ತಾಯಲೂರಿನ ರೈತರು ಬಂದ್ರು. ಎಲ್ಲ ಗುಳಿ ಸುತ್ತ ನಿಂತು ಬಗ್ಗಿ ನೋಡಿದ್ರು. ಕಣ ತುಳಿಸಿದ ಜನ ಅವರೆಲ್ಲ, ನಾನು ಬಿಡಿಸಿ ಹೇಳೋದೇನೂ ಇರ್ಲಿಲ್ಲ. ದೊಡ್ಡಮುನಿಯಮ್ಮ ಒಬ್ಬಳು ಮಾತ್ರ, ಏನ್ಲಾ ಗಂಗುಲಪ್ಪ, ಇದು ಕಣಾನೇನ್ಲಾ, ಕಂಬ ರಿಪೇರಿಗೆ ಹೋಗಿರಬಾರದಾ ಅಂದ್ಲು. ನಾನು ಅವಳ ಮೇಲೆ ಎಗರಿಬಿದ್ದೆ. ಹೋದ ದಸರಾಕ್ಕೆ ನನ್ನ ಕೈಯಾರೆ ಸುಣ್ಣ ಬಳಿದಿದ್ದೀನಿ, ಬೆಳ್ಳಗೆ ಹಾಲಿನಂಗಿತ್ತು, ರಿಪೇರಿಗೆ ಏನು ಬಂದಿತ್ತು ಅಂತ ಕೇಳ್ದೆ. ಅವಳು ಬುಟ್ಟಿ ಎತ್ಕೊಂಡು ಹೊರಟ್ಲು.

ಆ ಶುಕ್ರವಾರ ಸಾಹುಕಾರ್ರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಎಲ್ಲರಿಗೂ ಕೇಳೋ ಹಂಗೆ ಒಂದು ಮಾತು ಹೇಳಿದ್ರು. ಭಾನುವಾರ ಗೋಲ್ಡ್ ಫೀಲ್ಡಿನ ಟೀಮಿನ ಮೇಲೆ ಈ ವರ್ಷದ ಕೊನೇ ಮ್ಯಾಚು. ಮಾಲೂರಿನ ಯಜಮಾನರು ಕೇಳಿರೋದು ನಿಜ, ನಾನಿನ್ನೂ ಒಪ್ಪಿಲ್ಲ. ಊರಿಗೆ ಟೀಮು ಬೇಕು ಅಂದ್ರೆ ಅವತ್ತು ಬಯಲು ತುಂಬ್ಲಿ, ಸೌದೆ ಉರಿಸಿಯಾದ್ರೂ ಬಸ್ಸು ಓಡಿಸಿ ಟೀಮು ಇಟ್ಕೊಳ್ತೀನಿ. ಬೇಡ ಅಂದ್ರೆ ನಾನ್ಯಾಕೆ ಕುತ್ತಿಗೆಗೆ ಕಟ್ಕೊಳ್ಳಲಿ?

ಇದನ್ನ ಕೇಳಿ ನೆಟ್ಟಗಿರೋ ಬುದ್ಧಿಯೋನು ಏನ್ಮಾಡ್ತಾನೆ? ಹೋಗಿ ಬಯಲು ತುಂಬ್ತಾನೆ. ನಾವು ಹುಣಸೆ ಮರದ ಕೆಳಗೆ ಕೂತು ಆ ಮಾತನ್ನ ತಿರುಗಿಸಿ ಮುರುಗಿಸಿ ನೋಡಿದ್ವಿ. ಆ ಮ್ಯಾಚಿಗೆ ಮಾಲೂರಿನ ಯಜಮಾನನೂ ಬರ್ತಾನಂತೆ ಅಂತ ಸೊಣ್ಣಪ್ಪ ಹೇಳ್ದ. ಆಗ ನನಗೆ ಎಲ್ಲಾ ಹೊಳೆದುಬಿಡ್ತು. ಅಂದ್ರೆ, ಹೊಳೆದ ಹಂಗಾಯ್ತು.

"ಸಂತೆಗೆ ಹೊಡಿಯೋ ಹಸೂಗೆ ಮೈ ತೊಳೆದು ಕೊಂಬಿಗೆ ಎಣ್ಣೆ ಹಚ್ತಾರಲ್ಲ, ಇದೂ ಅದೇ ಕಣ್ರೋ" ಅಂದೆ. "ಕಂಬ ಆಗ್ಲೇ ಹೋಗಿದೆ. ಈಗ ತುಂಬಿದ ಬಯಲು ತೋರಿಸಿ ಅವನ ಹತ್ರ ಮಾತು ಮುಗಿಸ್ತಾರೆ. ನಾವು ಚಪ್ಪಾಳೆ ಹೊಡೆದು ನಮ್ಮ ಟೀಮು ನಾವೇ ಸಾಗಹಾಕ್ಬೇಕಾ? ಒಬ್ಬರೂ ಹೋಗ್ಬೇಡಿ."

ಬಯಲು ಮಾಡಿದೋನೇ ಹೇಳಿದ ಮೇಲೆ ಇನ್ನೇನು? ಶನಿವಾರದ ಹೊತ್ತಿಗೆ ಸುಗಟೂರು, ಮುಳಬಾಗಲು, ತಾಯಲೂರು, ಎಲ್ಲಾ ಕಡೆ ಆ ಮಾತು ಹರಡ್ತು.

ಶನಿವಾರ ಸಂಜೆ ಅಜ್ಮತುಲ್ಲಾ ನಮ್ಮನೆಗೆ ಬಂದ. ಅಂಗೈ ಕಪ್ಪಗಿತ್ತು, ಉಗುರಿಗೆಲ್ಲ ಏನೋ ಮೆತ್ಕೊಂಡಿತ್ತು. ಜಗಲಿ ಮೇಲೆ ಕೂರು ಅಂತ ನಾನು ಹೇಳ್ಲಿಲ್ಲ. ಅವನು ನಿಂತೇ ಇದ್ದ.

"ನಾಳೆ ಬಾ ಗಂಗುಲಣ್ಣ. ಎಲ್ಲರನ್ನೂ ಕರ್ಕೊಂಡು ಬಾ. ನೀನು ಹೇಳಿದ್ರೆ ಬರ್ತಾರೆ" ಅಂದ.

"ಕಂಬ ಎಲ್ಲಿ?"

"ನಾಳೆ ನಿಂತಿರ್ತಾವೆ."

"ಮಾಲೂರಿಗೆ ಯಾಕೆ ಹೋಗಿದ್ದೆ? ಗೋಣಿ ಯಾಕೆ ಮುಚ್ಚಿದ್ದೆ?"

ಅವನು ಕಪ್ಪು ಅಂಗೈನ ಅಂಗಿಗೆ ಒರೆಸ್ಕೊಂಡ. "ಅದೊಂದು ಕೇಳ್ಬೇಡಣ್ಣ. ಇಷ್ಟು ವರ್ಷದಲ್ಲಿ ಒಂದು ಸಲ ನಾನು ಹೇಳಿದ್ದು ಸುಮ್ನೆ ನಂಬು" ಅಂದ.

ನಂಬ್ಲಿಲ್ಲ. ನನ್ನ ಬಯಲಿನ ಮೇಲೆ ಹನ್ನೊಂದು ವರ್ಷ ನಿಂತು ಅನ್ನ ತಿಂದು, ಅದರ ಕಂಬಾನೇ ಕಿತ್ತು ಹೊತ್ಕೊಂಡು ಹೋದ್ಯಲ್ಲ ಕಳ್ಳ ಅಂದುಬಿಟ್ಟೆ. ಇನ್ನು ನಿನ್ನ ಮನೆ ಶೀರ್ ಖುರ್ಮಾ ನನ್ನ ಬಾಗಿಲಿಗೆ ಬರೋದು ಬೇಡ ಅಂತಾನೂ ಅಂದೆ. ಅವನು ಸರಿ ಅಣ್ಣ ಅಂತ ಹೇಳಿ ಹೊರಟೋದ.

ಭಾನುವಾರ ನಾನು ಮನೇಲಿ ಕೂತೆ. ನಮ್ಮನೆಗೂ ಬಯಲಿಗೂ ಎರಡೇ ಬೀದಿ. ಮ್ಯಾಚು ಇದ್ರೆ ಜನರ ಕೂಗಿಗೆ ನಮ್ಮನೆ ಪಾತ್ರೆ ಅಲುಗಾಡೋದು. ಅವತ್ತು ಕೋಲಿಗೆ ಚೆಂಡು ತಾಕೋ ಶಬ್ದ ಕೇಳಿಸ್ತು. ಟಕ್ ಅಂತ, ಮತ್ತೆ ಟಕ್ ಅಂತ. ಜನ ಇದ್ರೆ ಆ ಶಬ್ದ ಎರಡು ಬೀದಿ ದಾಟಿ ಬರೋದುಂಟಾ? ಗೆದ್ದೆ ಅನ್ಕೊಂಡೆ. ಗೆದ್ದೋನಿಗೆ ಇರಬೇಕಾದ ಖುಷಿ ಮಾತ್ರ ಬರ್ಲಿಲ್ಲ.

ಮ್ಯಾಚು ಮುಗಿದ ಮೇಲೆ ದೊಡ್ಡಮುನಿಯಮ್ಮ ಬಂದ್ಲು. ತಲೆ ಮೇಲಿನ ಬುಟ್ಟಿ ಇಳಿಸಿ ನನ್ನ ಮುಂದೆ ಕೂತ್ಲು. ಕಡ್ಲೇಕಾಯಿ ಹಂಗೇ ಇತ್ತು.

"ಹದಿನೇಳು ಜನ ಇದ್ವಿ. ನಾನೂ ಸೇರಿ" ಅಂದ್ಲು. "ನಮ್ಮೋರು ಗೆದ್ರು ಕಣ್ಲಾ. ಎರಡು ಒಂದು. ಅಜ್ಮತ್ತು ಕೊನೇಲಿ ಒಂದು ಚೆಂಡು ಎದೆ ಕೊಟ್ಟು ತಡೆದ. ಚಪ್ಪಾಳೆ ತಟ್ಟೋಕೆ ಯಾರಿದ್ರು?"

ಎರಡು ವರ್ಷದಿಂದ ಗೋಲ್ಡ್ ಫೀಲ್ಡಿನೋರ ಮೇಲೆ ಗೆದ್ದಿರ್ಲಿಲ್ಲ ನಾವು. ಸಾಹುಕಾರ್ರು ಕುರ್ಚಿಯಿಂದ ಎದ್ದು ಬಯಲಿನ ಸುತ್ತ ಒಂದು ಸಲ ನೋಡಿದ್ರಂತೆ. ಆಮೇಲೆ ಮಾಲೂರಿನ ಯಜಮಾನನ ಕೈ ಹಿಡ್ಕೊಂಡು, ಕರ್ಕೊಂಡು ಹೋಗಿ, ಈ ಊರಿಗೆ ಬೇಡವಂತೆ ಅಂದ್ರಂತೆ. ಅವರ ಕಣ್ಣಲ್ಲಿ ನೀರಿತ್ತು, ನಾನೇ ಕಂಡೆ ಅಂದ್ಲು ಮುನಿಯಮ್ಮ.

ಕಂಬ ಇತ್ತಾ ಅಂತ ಕೇಳ್ದೆ. ಕಲ್ಲಿನಂಗೆ ನಿಂತಿದ್ವು, ಹೊಸವು, ಡಾಂಬರು ಬಳಿದು ಕರ್ರಗೆ ಮಾಡಿದ್ರು ಅಂದ್ಲು. ಮಾಲೂರಿನಲ್ಲಿ ಅಬ್ದುಲ್ ರಜಾಕ್ ಅಂತ ಒಬ್ಬ ಬಡಗಿ, ಅಜ್ಮತ್ತಿಗೆ ದೂರದ ಮಾವ. ರೈಲ್ವೆ ಕೆಲಸ ಮಾಡೋನು, ಮರಕ್ಕೆ ಡಾಂಬರು ಕುಡಿಸೋದು ಬಲ್ಲ. ಹಳೇ ಕಂಬ ಅಳತೆಗೆ ತಗೊಂಡು ಹೋಗಿ ಹೊಸದು ಮಾಡಿಸ್ಕೊಂಡು ಬಂದು, ಬೆಳಗ್ಗೆ ಇಬ್ಬರೇ ಮೂರು ಮೊಳ ಆಳ ತೋಡಿ ನೆಟ್ಟಿದ್ರಂತೆ. ಹೇಳ್ತಾ ಹೇಳ್ತಾ ಅವಳು ಬುಟ್ಟಿ ತಳದಿಂದ ಒಂದು ಮರದ ತುಂಡು ತೆಗೆದ್ಲು. ಹಳೇ ಕಂಬದ್ದು, ಒಲೆಗೆ ಹಾಕ್ಕೋ ಅಂತ ರಜಾಕ್ ಸಾಬರು ಕೊಟ್ರು ಅಂದ್ಲು.

ಹೊರಗಡೆ ನಾನು ಬಳಿದ ಸುಣ್ಣ ಬೆಳ್ಳಗೇ ಇತ್ತು. ಒಳಗಡೆ ಮರ ಇರ್ಲಿಲ್ಲ. ಗೆದ್ದಲು ತಿಂದು ಮುಗಿಸಿ ಮಣ್ಣು ಮೆತ್ತಿತ್ತು. ಬೆರಳಲ್ಲಿ ಒತ್ತಿದ್ರೆ ಪುಡಿಪುಡಿಯಾಯ್ತು. ಆ ಮಣ್ಣಿನ ಬಣ್ಣ ನನಗೆ ಗೊತ್ತು. ಸುಗಟೂರು ದಾರಿಯ ಹುತ್ತದ್ದು, ನಾನು ಜರಡಿ ಹಿಡಿಯದೆ, ಬಿಸಿಲು ತೋರಿಸದೆ ತಂದು ಬಡಿದಿದ್ದು. ಆ ಹುತ್ತಕ್ಕೆ ವರ್ಷಾ ವರ್ಷಾ ಹಾಲೆರೆಯೋಳು ನನ್ನ ಎದುರಿಗೇ ಕೂತಿದ್ಲು, ಅವಳಿಗೆ ಏನೂ ಗೊತ್ತಿರ್ಲಿಲ್ಲ.

ನಾನು ಬಯಲಿಗೆ ಹೋದೆ. ಅಜ್ಮತುಲ್ಲಾ ಒಬ್ಬನೇ ಗೋಲಿನ ಹತ್ರ ಕೂತು ಕಾಲಿನ ಪ್ಯಾಡು ಬಿಚ್ತಿದ್ದ. ಅವನ ಎದೆ ಮೇಲೆ ಚೆಂಡು ಬಿದ್ದ ಜಾಗ ಕೆಂಪಗೆ ಊದಿತ್ತು. ಮರದ ತುಂಡು ಅವನ ಮುಂದೆ ಇಟ್ಟೆ.

"ನಿನಗೆ ಗೊತ್ತಿತ್ತಾ?"

"ಅವತ್ತು ನೀನು ಹುತ್ತ ಕಡೀತಿದ್ದಾಗ ನಾನು ಬಸ್ಸಲ್ಲಿ ಹೋಗ್ತಿದ್ದೆ" ಅಂದ. ತಲೆ ಎತ್ತಲಿಲ್ಲ. "ಹೋದ ತಿಂಗಳು ಕಂಬ ಬಡಿದ್ರೆ ಟೊಳ್ಳು ಶಬ್ದ ಬಂತು. ಆಗ ತಿಳೀತು."

"ಅವತ್ತೇ ನನ್ನ ಮುಖಕ್ಕೆ ಹೇಳಬಾರದಿತ್ತೇನೋ?"

"ನಿನಗೆ ಹೇಳಿದ್ರೆ ನಾಚಿಕೆಗೆ ನೀನು ಬಯಲಿಗೆ ಕಾಲಿಡ್ತಿರ್ಲಿಲ್ಲ. ಊರಿಗೆ ತಿಳಿದಿದ್ರೆ ಹುತ್ತ ಒಡೆದೋನು ಅಂತ ನಿನ್ನ ಬಿಡ್ತಿರ್ಲಿಲ್ಲ. ಸಾಹುಕಾರ್ರಿಗೆ ಕಂಬ ಹಳೇದಾಗಿದೆ ಅಂದೆ ಅಷ್ಟೇ. ಒಂದು ವಾರದಲ್ಲಿ ಯಾರಿಗೂ ತಿಳೀದಂಗೆ ಮುಗಿದೋಗುತ್ತೆ ಅನ್ಕೊಂಡಿದ್ದೆ ಅಣ್ಣ."

ನಾನು ನೆಲದ ಮೇಲೆ ಕೂತುಬಿಟ್ಟೆ. ಅತ್ತೆ. ಐವತ್ತು ದಾಟಿದ ಗಂಡಸು, ನಾಚಿಕೆ ಬಿಟ್ಟು ಅತ್ತೆ. ಸಾಹುಕಾರ್ರ ಕಾಲು ಹಿಡ್ಕೊಳ್ತೀನಿ, ಹುತ್ತದ ವಿಷಯ ಊರ ಮುಂದೆ ನಾನೇ ಹೇಳ್ತೀನಿ ಅಂದೆ. ಮಾರನೇ ದಿನ ಹೋಗಿ ಹೇಳ್ದೆ ಕೂಡ. ಸಾಹುಕಾರ್ರು ಪೂರ್ತಿ ಕೇಳಿದ್ರು. ಮಾತು ಕೊಟ್ಟಾಗಿದೆ ಗಂಗುಲಪ್ಪ, ಆ ಮನುಷ್ಯ ಎದುರಿಗೇ ಕೂತು ಖಾಲಿ ಬಯಲು ನೋಡಿದ್ದಾನೆ, ಇನ್ನು ನನ್ನ ಮಾತು ತಿರುಗಿಸಲಾರೆ ಅಂದ್ರು. ಊರೂ ನನ್ನ ಬೈತು, ಬೈಯಬೇಕಾದಷ್ಟು ಬೈಲಿಲ್ಲ ಅನ್ನಿಸ್ತು ನನಗೆ. ತಾವೂ ಮನೇಲಿ ಕೂತಿದ್ದೋರಲ್ವಾ. ಒಂದು ವರ್ಷ ಮುನಿಯಮ್ಮ ನನ್ನ ಹತ್ರ ಮಾತಾಡ್ಲಿಲ್ಲ, ಆಮೇಲೆ ಅವಳೇ ಒಂದು ಹಿಡಿ ಕಡ್ಲೇಕಾಯಿ ನನ್ನ ಮಡಿಲಿಗೆ ಹಾಕಿ ಹೋದ್ಲು.

ಹದಿನೈದು ದಿನಕ್ಕೆ ಹನ್ನೊಂದು ಮನೆ ಸಾಮಾನು ಇದ್ದಿಲು ಬಸ್ಸಿನ ಮೇಲೆ ಹೇರಿದ್ರು. ಹೊಸ ಕಂಬ ಕಿತ್ತು ತಗೊಂಡು ಹೋಗೋಣ ಅಂತ ಟೀಮಿನಲ್ಲಿ ಯಾರೋ ಅಂದಾಗ ಅಜ್ಮತುಲ್ಲಾ ಬೇಡ ಅಂದ. ಕೀಳೋದಾದ್ರೆ ಗಂಗುಲಣ್ಣ ಕೀಳಲಿ, ನಾವು ಮುಟ್ಟೋದು ಬೇಡ ಅಂದನಂತೆ. ಬಸ್ಸು ನಮ್ಮ ಬೀದಿ ಮುಂದೆ ಬಂದಾಗ ನಿಲ್ಲಿಸಿ, ಮುಚ್ಚಿದ ಒಂದು ತಪ್ಪಲೆ ನನ್ನ ಜಗಲಿ ಮೇಲಿಟ್ಟು ಹೋದ. ಅದು ರಂಜಾನಲ್ಲ, ಏನೂ ಅಲ್ಲ. ಒಳಗೆ ಶೀರ್ ಖುರ್ಮಾ ಇತ್ತು.

ನಾನು ಆ ಕಂಬ ಕಿತ್ತಿಲ್ಲ. ಮುನಿಸಿಪಾಲಿಟಿಯೋರು ಕಂಬ ಕೀಳೋಕೆ ಎರಡು ಸಲ ಆಳು ಕಳಿಸಿದ್ರು, ಎರಡು ಸಲಾನೂ ದಿಮ್ಮಸು ಹಿಡ್ಕೊಂಡು ಅಡ್ಡ ನಿಂತೆ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಹಳೇ ಹುತ್ತದ ಮಣ್ಣು ತಂದು, ಮೂರು ಸಲ ಜರಡಿ ಹಿಡಿದು, ಒಂದು ತಿಂಗಳು ಒಣಗಿಸಿ ಗೋಲಿನ ಮುಂದೆ ಬಡೀತೀನಿ. ಯಾರಿಗೆ ಅಂತ ಕೇಳೋರಿಗೆ ಉತ್ತರ ಹೇಳಲ್ಲ. ಬಡಿದು ಮುಗಿಸಿ ಕಂಬಕ್ಕೆ ಕಿವಿ ಇಟ್ಟು ಗೆಣ್ಣಲ್ಲಿ ತಟ್ಟಿ ನೋಡ್ತೀನಿ, ನಾಕಕ್ಕೂ. ಗಟ್ಟಿ ಶಬ್ದ ಬರುತ್ತೆ. ಆ ವರ್ಷ ಸುಣ್ಣ ಬಳಿಯೋ ಮುಂಚೆ ಹಳೇ ಕಂಬಾನ ಹೀಗೇ ಒಂದು ಸಲ ತಟ್ಟಿದ್ರೆ ಸಾಕಾಗಿತ್ತು.